ಮೂವತ್ತಾರು ವರ್ಷ, ಜ್ವರ

ಆಸ್ಪತ್ರೆಯ ಎದುರಿನ ಮನೆ, ಎರಡನೆಯ ಮಹಡಿ
ಮಾರ್ಚ್ ೧೪, ಗುರುವಾರ, ಬೆಳಿಗ್ಗೆ

ಪ್ರೀತಿಯ ಮೊಮ್ಮಗಳಿಗೆ, ನನ್ನ ಯಾಕಮ್ಮನಿಗೆ, ಅಜ್ಜನ ಮನಃಪೂರ್ವಕ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯ ಹೇಗಿದೆಯೆಂದು ಕೇಳುತ್ತೇನೆ; ಉತ್ತರ ಬಾರದಿದ್ದರೂ ಕೇಳುವ ಅಧಿಕಾರವನ್ನು ವಯಸ್ಸು ನನಗೆ ಕೊಟ್ಟಿದೆ. ಹೋಟೆಲಿನ ಬಟ್ಟೆಕೋಣೆಯಲ್ಲಿ ದಿನವಿಡೀ ನಿಂತು ಹಾಸುಬಟ್ಟೆಗಳನ್ನು ಮಡಿಸುವ ಕೆಲಸವೆಂದು ಹತ್ತು ತಿಂಗಳ ಹಿಂದೆ ಬಂದ ನಿನ್ನ ಒಂದೇ ಒಂದು ಕಾರ್ಡಿನಲ್ಲಿ ಬರೆದಿದ್ದೆ. ಇಸ್ತ್ರಿಯ ಆವಿಯಲ್ಲಿ ನಿನ್ನ ಹಳೆಯ ಕೆಮ್ಮು ಮರುಕಳಿಸಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲವೆ ವಾರ್ಡಿನಲ್ಲಿ ನರ್ಸಾಗಿದ್ದಾಗಿನಂತೆ ನಿಂತ ಕಾಲಿನಲ್ಲೇ ಎರಡು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಊಟವಾಯಿತೆನ್ನುತ್ತೀಯೋ? ರೋಗಿಯ ಹಾಸಿಗೆಯ ಮೂಲೆಗಳನ್ನು ಸುಕ್ಕಿಲ್ಲದಂತೆ ಮಡಿಸುತ್ತಿದ್ದ ಆ ಕೈಗಳು ಇಂದು ಒಂದು ದಿನ ತಂಗಿ ಹೋಗುವವರ ಹಾಸಿಗೆಗಳಿಗೆ ಮೂಲೆ ಮಡಿಸುತ್ತಿವೆ. ಯಾವ ಕೆಲಸವೂ ಕೀಳಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಆ ಕೈಗಳು ಬಲ್ಲ ವಿದ್ಯೆ ಬೇರೆಯೇ ಇತ್ತು, ಮತ್ತು ಅದನ್ನು ಅವು ಬಿಟ್ಟುಕೊಟ್ಟದ್ದು ಯಾರ ತಪ್ಪಿನಿಂದ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಪತ್ರ.

ನನ್ನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಎಂಬತ್ತೊಂದು ತುಂಬಿತು. ಎಡಗಾಲಿನ ಹುಣ್ಣು ಮಾಯುವಂತೆ ನಟಿಸಿ ಮತ್ತೆ ಬಾಯಿ ಬಿಡುತ್ತದೆ. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ರಸ್ತೆ ದಾಟಿ ನಿನ್ನ ಹಳೆಯ ವಾರ್ಡಿಗೇ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುತ್ತೇನೆ. ಬೆಳಗಿನ ಪ್ರಾರ್ಥನೆಗೆ ಈಗ ನೆಲದ ಮೇಲೆ ಕೂರಲಾಗುವುದಿಲ್ಲ, ಕುರ್ಚಿಯಲ್ಲೇ ಕೂತು ಕೈ ಮುಗಿಯುತ್ತೇನೆ. ನಿನ್ನ ಅಪ್ಪ ಎಂದಿನಂತೆ ಉಪಕರಣಗಳ ಪೆಟ್ಟಿಗೆ ಹಿಡಿದು ಏಳಕ್ಕೇ ಹೊರಡುತ್ತಾನೆ. ಈ ಬೀದಿಯಲ್ಲಿ ಅವನು ದುರಸ್ತಿ ಮಾಡದ ಲಿಫ್ಟ್ ಇಲ್ಲ. ನಿನ್ನ ಅಮ್ಮನ ಕನ್ನಡಕವನ್ನು ಅದೇ ಕಪಾಟಿನ ಮೇಲೆ ಇಟ್ಟಿದ್ದಾನೆ, ವಾರಕ್ಕೊಮ್ಮೆ ಗಾಜು ಒರೆಸುತ್ತಾನೆ. ಒಮ್ಮೆ ನನ್ನ ಮುಂದೆ ಹೇಳಿದ: "ಮಾವ, ಲಿಫ್ಟ್ ಕೆಡೋಕೆ ಮುಂಚೆ ಒಂದು ಸದ್ದು ಮಾಡತ್ತೆ. ನಂಗೆ ಆ ಸದ್ದು ಗೊತ್ತು. ಇವಳದ್ದು ಒಂದು ಸದ್ದೂ ಕೇಳಿಸಲಿಲ್ಲ." ಆ ಸದ್ದು ನನಗೆ ಕೇಳಿಸಿತ್ತು, ಮಗೂ. ನಾನು ಬಾಗಿಲು ಮುಚ್ಚಿಕೊಂಡಿದ್ದೆ.

ಮುಂದೆ ಓದುವ ಮೊದಲು ಇಷ್ಟನ್ನು ತಿಳಿದುಕೋ. ನೀನು ಬರೆದ ನಮ್ಮ ಮನೆತನದ ಹಾಳೆ ತಪ್ಪಾಗಿರಲಿಲ್ಲ. ಅದರಲ್ಲಿ ಒಂದು ಸುಳ್ಳು ಇತ್ತು, ಆ ಸುಳ್ಳು ನನ್ನದು. ನಿನ್ನ ಅಮ್ಮನ ಸಾವು ಅದಕ್ಕೆ ಅಂಟಿಕೊಂಡಿದೆ. ನಿನ್ನ ಮುಂದಿನ ಆರೋಗ್ಯವೂ ಅದಕ್ಕೇ ಅಂಟಿಕೊಂಡಿರಬಹುದೆಂಬ ಭಯ ನನ್ನನ್ನು ಈ ಮೇಜಿನ ಮುಂದೆ ಕೂರಿಸಿದೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಧರ್ಮಗ್ರಂಥಗಳ ಕರಡು ತಿದ್ದಿದವನು ನಾನು. ಇತರರ ಪುಟದಲ್ಲಿ ಒಂದು ಅಲ್ಪವಿರಾಮ ಜಾರಿದರೂ ಕೆಂಪು ಶಾಯಿ ಹಿಡಿಯುತ್ತಿದ್ದವನು. ಆದ್ದರಿಂದ ನನ್ನ ತಪ್ಪನ್ನೂ ಕರಡಿನ ಕ್ರಮದಲ್ಲಿಯೇ, ಮೊದಲ ಸಾಲಿನಿಂದ ತಿದ್ದಬೇಕಾಗಿದೆ.

ನಾಲ್ಕು ವರ್ಷಗಳ ಹಿಂದೆ ನೀನು ನರ್ಸುಗಳಿಗಾಗಿ ನಡೆದ ವಂಶವಾಹಿಯ ತರಬೇತಿ ಮುಗಿಸಿ ಬಂದಾಗ ನಿನ್ನ ಮುಖದಲ್ಲಿದ್ದ ತೇಜಸ್ಸು ನನಗಿನ್ನೂ ನೆನಪಿದೆ. ವಂಶವಾಹಿಯ ವಿದ್ಯೆ ದೊಡ್ಡ ಡಾಕ್ಟರುಗಳ ಕೋಣೆಯಲ್ಲಿ ಬೀಗ ಹಾಕಿ ಕೂತರೆ ಪ್ರಯೋಜನವಿಲ್ಲ, ರೋಗಿಯ ಪಕ್ಕದಲ್ಲಿ ಮೊದಲು ಕೂರುವವಳು ನರ್ಸ್, ಕೇಳಬೇಕಾದವಳು ಅವಳೇ ಎಂದು ನೀನು ಹೇಳಿದೆ. ವಾರ್ಡಿಗೆ ಸೇರುವ ಪ್ರತಿಯೊಬ್ಬರ ಬಳಿಯೂ ಕಾಲು ಗಂಟೆ ಕುಳಿತು ಕನಿಷ್ಠ ಮೂರು ತಲೆಮಾರಿನ ಹಾಳೆ ಬರೆಯಬೇಕು: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆಗೆರೆ, ಕಾಯಿಲೆಯಿದ್ದವರ ಆಕೃತಿಗೆ ಪೂರ್ತಿ ಕಪ್ಪು, ಪಕ್ಕದಲ್ಲಿ ವಯಸ್ಸು. ಅದಕ್ಕೊಂದು ಕನ್ನಡ ಕೈಪಿಡಿ ಬೇಕೆಂದು ನನ್ನ ಬಳಿ ಬಂದೆ. ನಾನು ಹಿಗ್ಗಿ 'ಪರಂಪರಾಗತ ವ್ಯಾಧಿಪ್ರವೃತ್ತಿ' ಎಂದು ಬರೆದುಕೊಟ್ಟೆ. ನಿಮ್ಮ ವಾರ್ಡಿನ ದೊಡ್ಡ ಸಿಸ್ಟರ್ ಅದನ್ನು ಓದಿ, "ಅಜ್ಜಾ, ಇಷ್ಟು ಹೇಳಿ ಮುಗಿಸೋ ಹೊತ್ತಿಗೆ ರೋಗಿ ವಾಸಿಯಾಗಿ ಮನೆಗೆ ಹೋಗಿರ್ತಾನೆ" ಎಂದರು. ನೀನು ನಗುತ್ತಲೇ ಅದನ್ನು ಹೊಡೆದುಹಾಕಿ 'ಮನೆತನದಲ್ಲಿ ಬರುವ ಕಾಯಿಲೆ' ಎಂದು ಬರೆದೆ. ಆ ಕೈಪಿಡಿಯಲ್ಲಿ ನನ್ನ ಮಾತುಗಳಾಗಿ ಉಳಿದದ್ದು ಮೂರು ವಾಕ್ಯ ಮಾತ್ರ. ಆ ಮೂರನ್ನೂ ನಾನೀಗ ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು: 'ಹೆಂಗಸರ ಕಾಯಿಲೆಯ ಬೀಜವು ತಂದೆಯ ಕಡೆಯಿಂದಲೂ ಬರಬಹುದು, ಆದುದರಿಂದ ಎರಡೂ ಕಡೆಯವರನ್ನು ವಿಚಾರಿಸತಕ್ಕದ್ದು.' ಎರಡು: 'ಜ್ವರ, ನಿಶ್ಶಕ್ತಿ, ಇದ್ದಕ್ಕಿದ್ದಂತೆ ಎಂಬ ಮಾತುಗಳು ಮನೆಯವರು ಹೊದಿಸುವ ಹೊದಿಕೆಗಳು, ಮೊದಲ ಉತ್ತರಕ್ಕೆ ತೃಪ್ತಿಪಡದೆ ಇನ್ನೊಮ್ಮೆ ಕೇಳತಕ್ಕದ್ದು.' ಮೂರು: 'ಆಕೃತಿಯ ನಡುವೆ ಚುಕ್ಕೆಯಿದ್ದರೆ, ತಾನು ಬಳಲದೆ ಕಾಯಿಲೆಯನ್ನು ಹೊತ್ತು ದಾಟಿಸಿದವನೆಂದು ತಿಳಿಯತಕ್ಕದ್ದು.'

ಇವೆಲ್ಲವನ್ನೂ ನನ್ನ ಕೈಯಿಂದಲೇ ಬರೆದ ಮೇಲೆ, ಬೋಧನೆಯ ಮೊದಲ ದಿನ, ನರ್ಸುಗಳೆದುರು ಮಾದರಿಗಾಗಿ ನಿನ್ನ ಅಜ್ಜನ ಹಾಳೆಯನ್ನೇ ಬರೆಯುತ್ತೇನೆಂದು ನೀನು ನನ್ನನ್ನು ಕುರ್ಚಿಯಲ್ಲಿ ಕೂರಿಸಿದೆ. ಬಿಳಿಯ ಹಲಗೆ, ನಿನ್ನ ಕೈಯಲ್ಲಿ ಕಪ್ಪು ಪೆನ್ನು, ಎದುರಿಗೆ ಹನ್ನೆರಡು ಮಂದಿ ಹೆಣ್ಣುಮಕ್ಕಳು. ನನ್ನ ತಂದೆ ತಾಯಿ, ನಾನು, ತಂಗಿ, ಕೆಳಗೆ ನಿನ್ನ ಅಮ್ಮ, ನೀನು, ಎಲ್ಲವನ್ನೂ ನೀನು ಬರೆದೆ. ಬಳಿಕ, "ಅಜ್ಜಾ, ನಿಮ್ಮ ಅಕ್ಕ ಯಾವುದರಿಂದ ಹೋದ್ರು?" ಎಂದು ಕೇಳಿದೆ. ನಾನು "ಜ್ವರದಿಂದ" ಎಂದೆ. ಚಿಕ್ಕಂದಿನಲ್ಲಿ ಒಂದು ಮಾತಿಗೆ ನಾಲ್ಕು ಸಲ 'ಯಾಕೆ' ಎನ್ನುತ್ತಿದ್ದವಳು ನೀನು, ಅದಕ್ಕಾಗಿಯೇ ನಿನಗೆ ಯಾಕಮ್ಮನೆಂದು ಹೆಸರು ಬಿದ್ದದ್ದು. ಅಂದೂ ನಿನ್ನ ಬಾಯಿ ತೆರೆಯಿತು. ನಾನು ನಿನ್ನನ್ನು ನೋಡಿದ ಬಗೆ ಹೇಗಿತ್ತೋ, ನೀನು ಬಾಯಿ ಮುಚ್ಚಿದೆ. ನರ್ಸಾಗಿ ಕೇಳಬೇಕಾಗಿದ್ದ ಎರಡನೆಯ ಪ್ರಶ್ನೆಯನ್ನು ಮೊಮ್ಮಗಳಾಗಿ ನುಂಗಿಕೊಂಡೆ. ಅಕ್ಕನ ವೃತ್ತದ ಮೇಲೆ ಓರೆಗೆರೆ ಎಳೆದು, ಒಳಗೆ ಖಾಲಿ ಬಿಟ್ಟು, ಪಕ್ಕದಲ್ಲಿ 'ಮೂವತ್ತಾರು ವರ್ಷ, ಜ್ವರ' ಎಂದು ಬರೆದೆ. ಒಂದೂ ಕಪ್ಪು ಆಕೃತಿಯಿಲ್ಲದ ಅಂಥ ಚೊಕ್ಕ ಹಾಳೆ ಸಿಗುವುದು ಅಪರೂಪವೆಂದು ಅದನ್ನೇ ಕೈಪಿಡಿಯ ಕೊನೆಯ ಪುಟದಲ್ಲಿ 'ಮನೆತನದ ಕಾಯಿಲೆ ಇಲ್ಲದ ಕುಟುಂಬದ ಮಾದರಿ' ಎಂದು ಅಚ್ಚು ಹಾಕಿಸಿದಿರಿ. ಗಾಜಿನ ಚೌಕಟ್ಟು ಹಾಕಿ ವಾರ್ಡಿನ ಕೈತೊಳೆಯುವ ಬೇಸಿನ್ನಿನ ಮೇಲೆ ತೂಗುಹಾಕಿದಿರಿ. ಅಚ್ಚಿನ ಕರಡನ್ನು ತಿದ್ದಿದವನೂ ನಾನೇ. ಆ ಪುಟದಲ್ಲಿ ಒಂದು ದೀರ್ಘದ ಗುರುತು ತಪ್ಪಿತ್ತು, ಅದನ್ನು ತಿದ್ದಿದೆ.

ಈಗ ನಿಜವನ್ನು ಕೇಳು. ನನ್ನ ಅಕ್ಕ ಜ್ವರದಿಂದ ಹೋಗಲಿಲ್ಲ. ಆಕೆಯ ಎದೆಯಲ್ಲಿ ಗಂಟು ಬೆಳೆದಿತ್ತು. ಆರು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದಾಗ ಅದು ಒಡೆದಿತ್ತು. ಹಿಂಬದಿಯ ಕೋಣೆಯಲ್ಲಿ ಮಲಗಿಸಿದ್ದರು. ಬಟ್ಟೆ ಬದಲಿಸಲು ನಮ್ಮ ತಾಯಿ ಮಾತ್ರ ಒಳಗೆ ಹೋಗುತ್ತಿದ್ದರು, ವಾಸನೆ ಬಾರದಿರಲೆಂದು ಎರಡು ಕಡೆಯ ಕಿಟಕಿಗಳನ್ನೂ ತೆರೆದಿಟ್ಟಿರುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತು ಪುಸ್ತಕ ಓದಿ ಹೇಳುತ್ತಿದ್ದೆ. ಆಕೆಗೆ ಕಥೆ ಬೇಕಿತ್ತು. ನಾನು ಸ್ತೋತ್ರ ಓದುತ್ತಿದ್ದೆ. "ತಮ್ಮಾ, ದೇವರಿಗೆ ನನ್ನ ವಿಷಯ ಗೊತ್ತಾಗಿದೆ, ಈಗ ಒಂದು ಕಥೆ ಓದೋ" ಎಂದು ನಗುತ್ತಿದ್ದಳು. ಆಕೆ ಹೋದ ದಿನವೇ ನಮ್ಮ ತಂದೆ ನನ್ನನ್ನು ಕರೆದು, ತಂಗಿಯ ಮದುವೆ ಮುಗಿಯುವ ತನಕವಲ್ಲ, ನನ್ನ ಉಸಿರಿರುವ ತನಕ ಜ್ವರವೆಂದೇ ಹೇಳತಕ್ಕದ್ದೆಂದು ತಮ್ಮ ಕೈಮೇಲೆ ಕೈಯಿಡಿಸಿ ಮಾತು ತೆಗೆದುಕೊಂಡರು. ಆ ಮಾತನ್ನು ಐವತ್ತೈದು ವರ್ಷ ಧರ್ಮವೆಂದೇ ನಡೆಸಿಕೊಂಡು ಬಂದೆ. ತಂದೆಗೆ ಕೊಟ್ಟ ವಚನವನ್ನು ಮುರಿಯದವನೆಂಬ ಹೆಮ್ಮೆಯೂ ನನಗಿತ್ತು. ವಚನವನ್ನು ಉಳಿಸುವುದರಲ್ಲಿ ಒಂದು ಸುಖವಿದೆ, ಮಗೂ. ಅದರ ಬೆಲೆಯನ್ನು ಬೇರೆಯವರು ತೆರುತ್ತಿರುವಾಗ ಆ ಸುಖಕ್ಕೆ ಅಡ್ಡಿಯೇ ಇರುವುದಿಲ್ಲ.

ಬೋಧನೆಯ ದಿನ ನಾನು ಅರಿಯದೆ ಸುಳ್ಳಾಡಿದೆನೆಂದು ಹೇಳಿಕೊಳ್ಳಲಾರೆ. ತಂದೆಯ ಕಡೆಯಿಂದಲೂ ಬರಬಹುದೆಂಬ ವಾಕ್ಯವನ್ನು ಬರೆಯುವಾಗಲೇ ಲೇಖನಿ ಒಮ್ಮೆ ನಿಂತಿತ್ತು. ಅಕ್ಕನಲ್ಲಿದ್ದುದು ನನ್ನಲ್ಲೂ ಇರಬಹುದು, ನನ್ನಿಂದ ನಿನ್ನ ಅಮ್ಮನಿಗೆ ಇಳಿದಿರಬಹುದು ಎಂಬುದನ್ನು ತಿಳಿಯುವಷ್ಟು ಬುದ್ಧಿ ನನಗಿತ್ತು. ಆದರೂ ಹೇಳಲಿಲ್ಲ. ಅದಾದ ಒಂದು ತಿಂಗಳಿಗೆ ಅಡುಗೆಮನೆಯಲ್ಲಿ ನಡೆದ ಮಾತು ನಿನಗೂ ನೆನಪಿದೆ. ನೆನಪಿದೆಯೆಂದೇ ನೀನು ಊರು ಬಿಟ್ಟೆ. ನಿನ್ನ ಅಮ್ಮ ಪಾತ್ರೆ ಒರೆಸುತ್ತ, "ಆಸ್ಪತ್ರೇಲಿ ಎದೆ ಪರೀಕ್ಷೆಗೆ ಹೆಸರು ಬರೆಸಿಕೊಳ್ತಿದ್ದಾರಂತೆ, ನಾನೂ ಬರೆಸಲೇನೇ?" ಎಂದು ಕೇಳಿದಳು. ನೀನು, "ಅಮ್ಮಾ, ನಮ್ಮ ಹಾಳೆ ಚೊಕ್ಕವಾಗಿದೆ. ಆ ಸಾಲಿನಲ್ಲಿ ನಿನಗಿಂತ ಅವಸರ ಇರೋರು ಇದ್ದಾರೆ. ಮುಂದಿನ ವರ್ಷ ಮಾಡಿಸೋಣ" ಎಂದೆ. ಅದು ನ್ಯಾಯವಾದ ಮಾತು. ಸ್ವಂತ ತಾಯಿಯೆಂದು ಸಾಲು ಮುರಿಯದ ನರ್ಸಿನ ಮಾತು. ನಾನು ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದೆ. ಒಂದೇ ಒಂದು ಮಾತು ಸಾಕಾಗಿತ್ತು. ನಾನು ಕನ್ನಡಕವನ್ನು ಮತ್ತೊಮ್ಮೆ ಒರೆಸಿದೆ.

ಮುಂದಿನ ವರ್ಷ ಬರುವುದಕ್ಕೆ ಮೊದಲೇ ಗಂಟು ಬಂದಿತ್ತು, ಕಂಕುಳಿಗೂ ಹಬ್ಬಿತ್ತು. ವಾರ್ಡಿಗೆ ಸೇರಿಸಿದ ದಿನ ದೊಡ್ಡ ಸಿಸ್ಟರ್ ರೂಢಿಯಂತೆ, "ಮನೇಲಿ ಬೇರೆ ಯಾರಿಗಾದ್ರೂ?" ಎಂದು ಕೇಳಿದಾಗ ನೀನೇ ಬೇಸಿನ್ನಿನ ಮೇಲಿನ ಚೌಕಟ್ಟನ್ನು ತೋರಿಸಿ, "ಇಲ್ಲ ಸಿಸ್ಟರ್, ಅಲ್ಲೇ ಇದೆಯಲ್ಲ ನಮ್ಮ ಹಾಳೆ" ಎಂದೆ. ನಾನು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲಿದ್ದೆ. ಮನೆಯಲ್ಲಿ ಇಬ್ಬರಿಗಿದ್ದರೆ, ಅಥವಾ ಒಬ್ಬರಿಗೇ ನಲವತ್ತೈದರೊಳಗೆ ಬಂದಿದ್ದರೆ ರಕ್ತದ ಪರೀಕ್ಷೆಗೆ ಕಳುಹಿಸುವುದು ಅಲ್ಲಿನ ನಿಯಮ. ಐವತ್ತನಾಲ್ಕರ ನಿನ್ನ ಅಮ್ಮ ಒಬ್ಬಳೇ ಆ ನಿಯಮದೊಳಗೆ ಬರಲಿಲ್ಲ. ಅಕ್ಕನ ಮೂವತ್ತಾರು ಜೊತೆಗೂಡಿದ್ದರೆ ಬರುತ್ತಿತ್ತು. ಆ ಹೊತ್ತಿನಲ್ಲಾದರೂ ಹೇಳಬಹುದಾಗಿತ್ತು. ಈಗ ಹೇಳಿ ಏನು ಪ್ರಯೋಜನ, ಅವಳಂತೂ ಮಲಗಿದ್ದಾಳೆ ಎಂದು ಮನಸ್ಸು ವಾದಿಸಿತು. ನಿಜವಾದ ಕಾರಣ ಅದಲ್ಲ. ಹೇಳಿದರೆ ನೀನು ನನ್ನ ಕಡೆ ತಿರುಗಿ ನೋಡುತ್ತಿದ್ದೆ. ಆ ನೋಟವನ್ನು ತಾಳುವ ಶಕ್ತಿ ನನಗಿರಲಿಲ್ಲ. ಬದಲಿಗೆ ಹದಿನಾಲ್ಕು ತಿಂಗಳು ಆಕೆಯ ಹಾಸಿಗೆಯ ಬಳಿ ಪ್ರಾರ್ಥನೆ ಮಾಡಿದೆ. ಭಗವಂತ ಅದನ್ನು ಕೇಳಲಿಲ್ಲವೆಂದು ನಾನು ಹೇಳುವುದಿಲ್ಲ. ಬಾಯಿಬಿಟ್ಟು ಹೇಳಬೇಕಾದುದನ್ನು ಮುಚ್ಚಿಟ್ಟುಕೊಂಡು ಬೇಡಿದವನಿಗೆ ಅವನು ಏನು ಉತ್ತರ ಕೊಡಬೇಕಾಗಿತ್ತು?

ಎಲ್ಲ ಮುಗಿದ ಹನ್ನೊಂದನೆಯ ದಿನ ನೀನು ಸಮವಸ್ತ್ರವನ್ನು ಮಡಿಸಿ ಕುರ್ಚಿಯ ಮೇಲಿಟ್ಟು, "ಅಜ್ಜಾ, ನನ್ನ ಹಾಳೆಗೆ ನಮ್ಮ ಅಮ್ಮನೇ ಕಾಣಲಿಲ್ಲ. ಇನ್ನು ಊರವರ ಮನೆ ಕಥೆ ಕೇಳಿ ನಾನೇನು ಮಾಡಲಿ" ಎಂದೆ. ಆಗಲೂ ನಾನು ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿ ಕಳುಹಿಸಿದೆ. ನಿನ್ನ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಲ್ಲಿ ನಿಂತಿದ್ದೆ.

ನೀನು ಹೋದ ಮೇಲೆ ಹಾಳೆಯ ಗತಿ ಏನಾಯಿತೆಂಬುದನ್ನೂ ಬರೆಯಬೇಕಲ್ಲವೆ? ಮೂವತ್ತು ಹಾಸಿಗೆಗೆ ಇಬ್ಬರೇ ನರ್ಸುಗಳಿರುವಲ್ಲಿ ಕಾಲು ಗಂಟೆಯನ್ನು ಎಲ್ಲಿಂದ ತರುವುದು? ಮೊದಲು ಕಾಲು ಗಂಟೆ ಐದು ನಿಮಿಷವಾಯಿತು, ಬಳಿಕ ನಿಂತುಕೊಂಡೇ ಕೇಳುವಂತಾಯಿತು. ಹೊಟ್ಟೆನೋವಿನವನೊಬ್ಬ, "ಸಿಸ್ಟರ್, ನನ್ನ ಹೊಟ್ಟೆಗೂ ನಮ್ಮ ಚಿಕ್ಕಪ್ಪನಿಗೂ ಏನ್ರೀ ಸಂಬಂಧ? ಅವನು ನಮ್ಮ ಜೊತೆ ಮಾತು ಬಿಟ್ಟು ಹತ್ತು ವರ್ಷ ಆಯ್ತು" ಎಂದನಂತೆ, ವಾರ್ಡೆಲ್ಲ ನಕ್ಕಿತಂತೆ. ಈಗ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಸಾಲಿದೆ: ಮನೆತನದ ಕಾಯಿಲೆ, ಹೌದು ಅಥವಾ ಇಲ್ಲ. ಕೇಳದೆಯೇ 'ಇಲ್ಲ' ಒತ್ತುತ್ತಾರೆ. ಉಳಿದ ಖಾಲಿ ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿ, ಅವುಗಳ ಹಿಂಬದಿಯಲ್ಲಿ ಯಾರಿಗೆ ಎಷ್ಟು ಹೊತ್ತಿಗೆ ಮಾತ್ರೆಯೆಂದು ಬರೆದು ಲೋಟದ ಕೆಳಗಿಡುತ್ತಾರೆ. ಕೈಪಿಡಿಯ ಒಂದು ಪ್ರತಿ ಔಷಧಿಯ ಮೇಜಿನ ಕುಂಟು ಕಾಲಿನ ಕೆಳಗಿರುವುದನ್ನು ಕಣ್ಣಾರೆ ಕಂಡೆ. ಅದೊಂದೇ ಕೆಲಸವನ್ನು ಅದು ಲೋಪವಿಲ್ಲದೆ ಮಾಡುತ್ತಿದೆ. ನಿನ್ನ ಶ್ರಮದಲ್ಲಿ ಇಡಿಯಾಗಿ ಉಳಿದದ್ದೆಂದರೆ ಗೋಡೆಯ ಮೇಲಿನ ಚೌಕಟ್ಟು, ನನ್ನ ಸುಳ್ಳು. ಪಟ್ಟಿ ಕಟ್ಟಿಸಿಕೊಳ್ಳುವ ಕುರ್ಚಿ ಅದರ ನೇರಕ್ಕೇ ಇದೆ. ಪ್ರತಿ ಗುರುವಾರ ಅದನ್ನು ನೋಡುತ್ತ ಕೂರುವುದೇ ನನಗೆ ವಿಧಿಸಿದ ದಂಡನೆಯೆಂದು ತಿಳಿದು, ಅಷ್ಟಕ್ಕೇ ತೃಪ್ತನಾಗಿದ್ದೆ.

ಎಂಟು ವಾರಗಳ ಹಿಂದಿನ ಗುರುವಾರ ದೊಡ್ಡ ಸಿಸ್ಟರ್ ನನ್ನ ಕಾಲಿನ ಹಳೆಯ ಪಟ್ಟಿ ಬಿಚ್ಚಿ, ಕೈತೊಳೆಯಲು ಬೇಸಿನ್ನಿಗೆ ಹೋದರು. ಸೋಪು ಉಜ್ಜುತ್ತ ತಲೆಯೆತ್ತಿ ಚೌಕಟ್ಟನ್ನು ನೋಡಿದರು. ಸಾವಿರ ಸಲ ನೋಡಿರಬೇಕು, ಅಂದು ಓದಿದರು. ನೀರು ಹರಿಯುತ್ತಲೇ ಇತ್ತು. "ಅಜ್ಜಾ, ಮೂವತ್ತಾರು ವಯಸ್ಸಿಗೆ ಜ್ವರ ಬಂದು ಹೋದ್ರಾ? ಎಂಥ ಜ್ವರ ಅದು? ಎಷ್ಟು ದಿನ ಮಲಗಿದ್ರು?" ಎಂದರು. ಗಮನಿಸಿದೆಯಾ, ಯಾಕಮ್ಮಾ? ನಿನ್ನ ಪಾಠವನ್ನು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವರು, ಹಾಳೆಯನ್ನು ನಿಲ್ಲಿಸೋಣವೆಂದು ಮೊದಲು ಹೇಳಿದವರು, ನೀನು ಅಂದು ನನ್ನ ಮುಖ ನೋಡಿ ನುಂಗಿದ ಎರಡನೆಯ ಪ್ರಶ್ನೆಯನ್ನು ಕೇಳಿದರು. ಆಕೆಗೆ ನಾನು ಅಜ್ಜನೂ ಅಲ್ಲ, ಪಂಡಿತನೂ ಅಲ್ಲ. ಕಾಲು ಹುಣ್ಣಿನ ಮುದುಕ. ಆದ್ದರಿಂದಲೇ ಕೇಳಬಲ್ಲವರಾದರು. ಐವತ್ತೈದು ವರ್ಷದ ಮಾತು ನನ್ನ ಬಾಯಿಂದ ಎರಡು ನಿಮಿಷದಲ್ಲಿ ಹೊರಬಿತ್ತು. ಅವರು ನಲ್ಲಿ ತಿರುಗಿಸಿ ನಿಲ್ಲಿಸಿದರು. "ಇದನ್ನ ಮೂರು ವರ್ಷದ ಹಿಂದೆ ಹೇಳಿದ್ರೆ..." ಎಂದು ಕೈ ಒರೆಸಿಕೊಂಡರು. ಬಂದು ಕೂತು ಹೊಸ ಪಟ್ಟಿ ಸುತ್ತಿದರು. ಸದಾ "ಕಾಲು ಚಾಚಿ, ಮಾತು ಆಮೇಲೆ" ಎಂದು ಗದರಿ ಬಿಗಿಯಾಗಿ ಕಟ್ಟುವವರು ಅಂದು ಬಹಳ ಮೃದುವಾಗಿ ಕಟ್ಟಿದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಂದೇ ನನ್ನ ರಕ್ತವನ್ನು ತೆಗೆಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನಿನ್ನ ಅಮ್ಮನ ಗಂಟಿನ ತುಣುಕು ಆಸ್ಪತ್ರೆಯ ಸಂಗ್ರಹದಲ್ಲಿ ಇನ್ನೂ ಇದೆಯಂತೆ. ಅದನ್ನೂ ಪರೀಕ್ಷೆಗೆ ಕಳುಹಿಸಿದರು. ತಿಂಗಳ ಮೊದಲ ಸೋಮವಾರ ಬರುವ ವಂಶವಾಹಿ ಸಲಹೆಗಾರರು ನನಗೆ ಎಲ್ಲವನ್ನೂ ವಿವರಿಸಿದರು. ಮೊದಲೇ ತಿಳಿದಿದ್ದರೆ ನಿನ್ನ ಅಮ್ಮನಿಗೆ ಬೇರೊಂದು ಔಷಧಿಯನ್ನು ಯೋಚಿಸಬಹುದಿತ್ತೆಂದರು. ಉಳಿಯುತ್ತಿದ್ದಳೇ ಎಂದು ಕೇಳಿದೆ. ಅದನ್ನು ಯಾರೂ ಹೇಳಲಾರರೆಂದರು. ಹೇಳಲಾರದಂತೆ ಮಾಡಿದವನು ಎದುರಿಗೇ ಕೂತಿರುವುದು ಅವರಿಗೆ ತಿಳಿದಿತ್ತೋ ಇಲ್ಲವೋ. ಫಲಿತಾಂಶ ಇನ್ನೂ ಬಂದಿಲ್ಲ. ಬರಲಿ, ಬಾರದಿರಲಿ, ಹೇಳಬೇಕಾದುದನ್ನು ಇನ್ನು ತಡೆಯಬಾರದೆಂದು ಇಂದು ಬರೆಯುತ್ತಿದ್ದೇನೆ. ತೀರಿಕೊಂಡ ತಂಗಿಯ ಇಬ್ಬರು ಹೆಣ್ಣುಮಕ್ಕಳಿಗೂ ಬರೆದೆ. ಒಂದು ಪತ್ರ ವಿಳಾಸದಲ್ಲಿ ಯಾರೂ ಇಲ್ಲವೆಂದು ಹಿಂದಿರುಗಿತು, ಇನ್ನೊಂದಕ್ಕೆ ಉತ್ತರವಿಲ್ಲ.

ನಿನ್ನ ಅಪ್ಪನಿಗೂ ಹೇಳಿದೆ. ಊಟದ ಮೇಜಿನ ಮುಂದೆಯೇ ಹೇಳಿದೆ, ನಿಧಾನಿಸಿದರೆ ಮತ್ತೆ ಕನ್ನಡಕ ಒರೆಸುವವನಾಗುತ್ತೇನೆಂದು ಹೆದರಿ. ಅವನು ಕೂಗಾಡಲಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡ, ಕೈತೊಳೆದ, ಕಪಾಟಿನ ಮೇಲಿದ್ದ ಆ ಕನ್ನಡಕವನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದ. ಮರುದಿನ ನನ್ನ ಮಾತ್ರೆಗಳನ್ನು ಎಂದಿನಂತೆ ಎಣಿಸಿಟ್ಟು, ಲೋಟಕ್ಕೆ ಬಿಸಿನೀರು ತುಂಬಿ, ಮುಚ್ಚಳ ಮುಚ್ಚಿ ಕೆಲಸಕ್ಕೆ ಹೊರಟ. ಯಾವ ಕರ್ತವ್ಯಕ್ಕೂ ಕುಂದಿಲ್ಲ. ಆದರೆ ಅಂದಿನಿಂದ ಅವನು ನನ್ನನ್ನು 'ಮಾವ' ಎಂದು ಕರೆದಿಲ್ಲ. "ನೀವು ಮಾತ್ರೆ ತಗೊಂಡ್ರಾ" ಎನ್ನುತ್ತಾನೆ. ಮೂವತ್ತನಾಲ್ಕು ವರ್ಷ ಕೇಳಿಸಿಕೊಂಡ ಪದ. ಅದು ಇಲ್ಲದೆ ಮನೆಯ ಗೋಡೆಗಳೂ ಅಪರಿಚಿತವೆನಿಸುತ್ತವೆ.

ಕ್ಷಮೆಯನ್ನು ಬೇಡುವುದಕ್ಕಾಗಿ ಇದನ್ನು ಬರೆಯಲಿಲ್ಲ. ಬೇಡಿದರೆ, ಕೊಡುವ ಅಥವಾ ಕೊಡದಿರುವ ಹೊರೆಯೂ ನಿನ್ನ ಮೇಲೆಯೇ ಬೀಳುತ್ತದೆ. ನಾನು ಹೊರಿಸಿದ್ದು ಸಾಕು. ನೀನು ಮರಳಿ ಬರುತ್ತೀಯೆಂದಾಗಲಿ, ಹಾಳೆ ಮತ್ತೆ ಎದ್ದು ನಿಲ್ಲುತ್ತದೆಂದಾಗಲಿ ನಾನು ನಂಬಿಕೊಂಡಿಲ್ಲ. ವಾರ್ಡಿನಲ್ಲಿ ಅದಕ್ಕೆ ಸಮಯವೂ ಇಲ್ಲ, ಕೈಗಳೂ ಇಲ್ಲ, ನೀನೂ ಇಲ್ಲ. ಅಡುಗೆಮನೆಯಲ್ಲಿ ನೀನಾಡಿದ ಮಾತಿಗಾಗಿ ನಿನ್ನನ್ನು ನೀನು ಶಿಕ್ಷಿಸಿಕೊಳ್ಳುವುದನ್ನು ನಿಲ್ಲಿಸು, ಇಷ್ಟೇ ನನ್ನ ಪ್ರಾರ್ಥನೆ. ನೀನು ಸರಿಯಾಗಿಯೇ ಓದಿದೆ. ಓದಲು ಕೊಟ್ಟ ಪುಟವೇ ಸುಳ್ಳಾಗಿತ್ತು.

ಭಗವಂತನು ನಿನ್ನನ್ನು ಕಾಪಾಡಲಿ. ಹಿಂದಿನ ಮೂರು ಪತ್ರಗಳನ್ನು ನೀನು ಒಡೆದಿರಲಾರೆಯೆಂದು ನನ್ನ ಊಹೆ; ಆದಕಾರಣ ಇದರ ಲಕೋಟೆಯ ಮೇಲೆ ದೊಡ್ಡ ಸಿಸ್ಟರಿಂದಲೇ ವಿಳಾಸ ಬರೆಸುತ್ತೇನೆ. ಅವರ ಅಕ್ಷರವನ್ನು ಕಂಡು ಒಡೆದೀಯೆ. ಇದೊಂದು ಮೋಸವಾದರೆ, ನನ್ನ ಕೊನೆಯ ಮೋಸ ಇದಾಗಲಿ.

ನಿನ್ನನ್ನು ಹರಸಲು ಅರ್ಹನಲ್ಲದಿದ್ದರೂ ಹರಸದೆ ಇರಲಾರದ,
ಅಜ್ಜ

ಮರೆತ ಮಾತು: ಪಟ್ಟಿ ಕಟ್ಟುವ ಕೋಣೆಯಲ್ಲಿ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ, ಗಂಟೆ ಒಂದು. ವಿಳಾಸ ಬರೆಸಲು ಬಂದರೆ ಫಲಿತಾಂಶ ಬಂದು ಕೂತಿತ್ತು. ನನ್ನ ರಕ್ತದಲ್ಲಿದೆ. ನಿನ್ನ ಅಮ್ಮನ ತುಣುಕಿನಲ್ಲೂ ಅದೇ ಇದೆ. ನಿನ್ನಲ್ಲಿ ಇರುವುದೂ ಇಲ್ಲದಿರುವುದೂ ಅರ್ಧಕ್ಕರ್ಧವಂತೆ. ಎರಡು ವರದಿಗಳನ್ನೂ ಜೊತೆಗಿಟ್ಟಿದ್ದೇನೆ. ಯಾವ ಆಸ್ಪತ್ರೆಯಲ್ಲಿ ತೋರಿಸಿದರೂ ನಿನ್ನ ರಕ್ತ ತೆಗೆದುಕೊಳ್ಳುತ್ತಾರೆಂದು ದೊಡ್ಡ ಸಿಸ್ಟರ್ ಹೇಳುತ್ತಿದ್ದಾರೆ. ನಿನಗೆ ಮೂವತ್ಮೂರು. ಅಕ್ಕನಿಗೆ ಮೂವತ್ತಾರು. ನನ್ನ ಬಳಿ ಬರುವುದು ಬೇಡ, ಉತ್ತರವೂ ಬೇಡ, ಈ ವಾರವೇ ಹೋಗು. ಮುಂದಿನ ವರ್ಷ ಎನ್ನಬೇಡ.

ಈ ಕಾಗದವನ್ನು ತಿರುಗಿಸಿ ನೋಡು, ಮಾದರಿ ಹಾಳೆಯೇ ಇದು. ಚೌಕಟ್ಟು ಬಿಚ್ಚಿಸಿ ತೆಗೆಸಿದೆ. ಅಕ್ಕನ ವೃತ್ತಕ್ಕೆ ಕಪ್ಪು ತುಂಬಿದೆ, 'ಜ್ವರ' ಎಂಬುದನ್ನು ಹೊಡೆದುಹಾಕಿದೆ. ನಿನ್ನ ಅಮ್ಮನ ವೃತ್ತಕ್ಕೂ ತುಂಬಿದೆ. ಶಾಯಿ ಗೆರೆಯ ಹೊರಗೆ ಹೋಯಿತು, ಓರೆಗೆರೆಯನ್ನು ದೊಡ್ಡ ಸಿಸ್ಟರ್ ಎಳೆದುಕೊಟ್ಟರು. ನನ್ನ ಚೌಕದ ನಡುವೆ ಚುಕ್ಕೆಯಿಟ್ಟಿದ್ದೇನೆ. ನಿನ್ನ ವೃತ್ತವನ್ನು ಖಾಲಿ ಬಿಟ್ಟಿದ್ದೇನೆ. ಅದು ಚೊಕ್ಕವೆಂದು ಬಿಟ್ಟದ್ದಲ್ಲ, ನನಗೆ ಗೊತ್ತಿಲ್ಲವೆಂದು ಬಿಟ್ಟದ್ದು.